ಮೂರನೇ ತಂತಿ

ನನ್ನ ಗಂಡನಿಗೆ ಊರವರು ಇಟ್ಟ ಹೆಸರು ‘ಮೂರನೇ ತಂತಿ ಮೇಷ್ಟ್ರು’. ಮೂವತ್ತು ವರ್ಷ ವೈರ್‌ಮನ್ ಕೆಲಸ ಮಾಡಿದವರು. ಯಾರ ಅಡುಗೆಮನೆಗೆ ಹೋದರೂ ಮೊದಲು ಪಾಠ, ಆಮೇಲೆ ಕೆಲಸ. ಫ್ರಿಜ್ಜಿಗೆ ಅದರದೇ ಲೈನು, ಓವನ್ನಿಗೆ ಅದರದೇ ದಪ್ಪ ತಂತಿ, ಸಿಂಕಿನ ಕೈಯಳತೆಯಲ್ಲಿ ಪ್ಲಗ್ಗು ಇರಕೂಡದು. ಗೋಡೆಯೊಳಗೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥ್ ತಂತಿ ಇಲ್ಲ, ಹಾಕಿಸುವುದೂ ಇಲ್ಲ ಎಂದರೆ ಚೀಲ ಎತ್ತಿಕೊಂಡು ಎದ್ದೇ ಬಿಡುತ್ತಿದ್ದರು. “ಎರಡು ತಂತಿ ದೀಪ ಉರಿಸೋಕೆ, ಮೂರನೇದು ನಿಮ್ಮ ಜೀವ ಉಳಿಸೋಕೆ” ಎನ್ನುವುದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಇದರಿಂದ ಕೈತಪ್ಪಿದ ಗಿರಾಕಿಗಳೂ ಕಡಿಮೆಯಲ್ಲ. ನನಗೆ ಸಿಟ್ಟು ಬರುತ್ತಿತ್ತು, ಸುಳ್ಳೇಕೆ ಹೇಳಲಿ.

ಮಗಳು, ಅಳಿಯ ಹೊಸ ಬಾಡಿಗೆ ಮನೆಗೆ ಬಂದ ದಿನ ನಾವಿಬ್ಬರೂ ಹೋಗಿದ್ದೆವು. ಹಳೇ ಕಟ್ಟಡ, ಮೊದಲ ಮಹಡಿ. ಫ್ರಿಜ್ಜಿನ ಬಾಗಿಲು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಇವರು ಬೋರ್ಡು ಬಿಚ್ಚಿ ನೋಡಿದರು. ಮುಂದೆ ಮೂರು ತೂತು, ಹಿಂದೆ ಎರಡೇ ತಂತಿ. ಇಡೀ ಅಡುಗೆಮನೆಗೆ ಒಂದೇ ಲೈನು.

“ಮೀಟರ್ ಹತ್ತಿರದಿಂದ ಅರ್ಥ್ ಎಳೀಬೇಕು, ಎರಡು ದಿನದ ಕೆಲಸ. ಅಲ್ಲೀವರೆಗೂ ಫ್ರಿಜ್ಜು ಹಾಕಬೇಡಿ” ಎಂದರು.

ಅಳಿಯನ ಇನ್ಸುಲಿನ್ನು ಐಸಿನ ಡಬ್ಬಿಯಲ್ಲಿತ್ತು, ಐಸು ಕರಗುತ್ತಿತ್ತು. ಕೆಳಗಿನ ಮನೆಯವರ ಫ್ರಿಜ್ಜಲ್ಲಿ ಇಡೋಣ ಎಂದರು ಇವರು. ಎಲ್ಲಿತ್ತೋ ನನಗೆ ಕೋಪ.

“ಬಂದ ಮೊದಲ ದಿನಾನೇ ಗುರುತು ಪರಿಚಯ ಇಲ್ಲದವರ ಮುಂದೆ ಕೈ ಚಾಚಬೇಕಾ? ಮನೆಗೆ ಮಾರಿ, ಊರಿಗೆ ಉಪಕಾರಿ ಅಂದ್ರೆ ನೀವೇ ನೋಡಿ.”

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಬೆರಳುದ್ದದ ತಂತಿ ಕತ್ತರಿಸಿ, ಪ್ಲಗ್ಗಿನ ಹಿಂದೆ ನ್ಯೂಟ್ರಲ್ಲಿನಿಂದ, ಅಂದರೆ ಕರೆಂಟು ವಾಪಸಾಗುವ ತಂತಿಯಿಂದ, ಅರ್ಥ್ ತೂತಿಗೆ ಜೋಡಿಸಿದರು. ಜುಮ್ಮೆನ್ನುವುದು ನಿಂತಿತು. “ಇದು ಕಳ್ಳ ಕೆಲಸ. ನ್ಯೂಟ್ರಲ್ ಗಟ್ಟಿ ಇರೋವರೆಗೆ ಸರಿ. ಅದು ಸಡಿಲಾಗಿ ಕಡಿದ್ರೆ ಫ್ರಿಜ್ಜಿನ ಮೈಯೆಲ್ಲ ಕರೆಂಟು. ನಾಳಿದ್ದು ಬಂದು ತೆಗೀತೀನಿ” ಎಂದು ನನಗೊಬ್ಬಳಿಗೇ ಕೇಳುವಂತೆ ಹೇಳಿದರು. ನಾನು ಹೂಂ ಎಂದೆ. ಫ್ರಿಜ್ಜು ನಡೆಯಿತಲ್ಲ, ನನಗೆ ಅಷ್ಟು ಸಾಕಿತ್ತು.

ಮರುದಿನ ಬೆಳಗ್ಗೆ ಹಲ್ಲುಜ್ಜುತ್ತ ನಿಂತವರು ಹಾಗೇ ಕುಸಿದರು. ಲಕ್ವ. ಬಲಗೈ, ಬಲಗಾಲು ಹೋಯಿತು, ಮಾತೂ ಹೋಯಿತು. ವಾರ್ಡಿನಲ್ಲಿ ಅವರ ಬಾಯೊರೆಸುತ್ತ ಕೂತ ನನಗೆ ಆ ಬೆರಳುದ್ದದ ತಂತಿ ಮರೆತೇ ಹೋಯಿತು. ಅವರಿಗೆ ಮರೆತಿರಲಿಲ್ಲ.

ಐದನೇ ದಿನ ಮಧ್ಯಾಹ್ನ ಡಾಕ್ಟರು, ಇನ್ನು ನುಣ್ಣಗೆ ರುಬ್ಬಿದ್ದು ಏನಾದರೂ ತಿನ್ನಿಸಬಹುದು ಎಂದರು. ಮಗಳು ಎದ್ದಳು.

“ತರಕಾರಿ ಬೇಯಿಸಿ ಮಿಕ್ಸಿಗೆ ಹಾಕ್ಕೊಂಡು ಬರ್ತೀನಮ್ಮ. ಆ ಮನೇಲಿ ಕರೆಂಟಿಗೆ ಬೇರೆ ಏನೋ ಆಗಿದೆ. ನಿನ್ನೆಯಿಂದ ಫ್ರಿಜ್ಜು ನಿಂತು ನಿಂತು ಓಡುತ್ತೆ, ಲೈಟು ಮಂಕಾಗಿ ಮತ್ತೆ ಬರುತ್ತೆ. ಅಪ್ಪ ಎದ್ದಮೇಲೆ ನೋಡ್ತಾರೆ ಬಿಡು.”

ನ್ಯೂಟ್ರಲ್ಲು ಸಡಿಲಾಗುತ್ತಿತ್ತು. ಆ ಕೋಣೆಯಲ್ಲಿ ಅದು ಅರ್ಥವಾದದ್ದು ಮಾತಿಲ್ಲದ ಒಬ್ಬರಿಗೆ ಮಾತ್ರ. ಗಂಟಲಿನಿಂದ ಎಂಥದೋ ಸದ್ದು ಹೊರಡಿಸಿ, ಎಡಗೈಯಲ್ಲಿ ಮಗಳ ದುಪಟ್ಟಾ ಹಿಡಿದುಕೊಂಡರು. ಬಿಡಿಸಿದವಳು ನಾನೇ. “ಮಗು ಥರ ಹಟ ಮಾಡಬೇಡಿ” ಎಂದು ಗದರಿದೆ ಬೇರೆ. ಅವಳು ಹೋದಳು.

ಆಮೇಲಿನ ಅರ್ಧ ಗಂಟೆ ಅವರು ಪಟ್ಟ ಪಾಡು ಹಗೆಗೂ ಬೇಡ. ಡ್ರಿಪ್ಪಿನ ಸೂಜಿ ಕಿತ್ತೆಸೆದರು. ಕೈ ಕಟ್ಟಿಹಾಕಬೇಕಾಗುತ್ತದೆ ಎಂದಳು ನರ್ಸು. ಅವಳು ಅತ್ತ ತಿರುಗಿದ್ದೇ ಮಂಚದಿಂದ ಉರುಳಿ ಬಿದ್ದರು. ಎಡ ಮೊಣಕೈ ಊರಿ ಗೋಡೆಯತ್ತ ತೆವಳಿದರು. ಅಲ್ಲಿದ್ದ ಪ್ಲಗ್ಗಿನ ಮೇಲಿನ ದೊಡ್ಡ ಅರ್ಥ್ ತೂತಿಗೆ ಬೆರಳಿಟ್ಟರು, ಕೆಳಗಿನ ಒಂದಕ್ಕೆ ಇಟ್ಟರು, ಮತ್ತೆ ಮೇಲಿನದಕ್ಕೆ. ಮಗಳು ಹೋದ ಬಾಗಿಲತ್ತ ಕೈ ತೋರಿಸಿ ಎದೆ ಎದೆ ಬಡಿದುಕೊಂಡರು.

ಆ ಬೆರಳುದ್ದದ ತಂತಿ ಆಗ ನೆನಪಾಯಿತು. ಮಗಳಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಅವತ್ತು ಸಾಮಾನು ಇಳಿಸುವಾಗ ಕೆಳಗಿನ ಮನೆಯಾಕೆ ಕುಡಿಯುವ ನೀರು ತಂದುಕೊಟ್ಟು, ಏನಾದರೂ ಬೇಕಾದರೆ ಕೇಳಿ ಎಂದು ನಂಬರು ಕೊಟ್ಟಿದ್ದರು. ಅವರಿಗೆ ಹಚ್ಚಿದೆ.

“ಮೇಲಿನ ಮನೆಯ ಮೇನ್ ಸ್ವಿಚ್ಚು ಇಳಿಸಿ ತಾಯಿ. ಯಾಕೆ ಅಂತ ಕೇಳಬೇಡಿ, ಓಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಚಪ್ಪಲಿಯ ಸದ್ದು ಕೇಳಿಸಿತು, ಮೀಟರ್ ಪೆಟ್ಟಿಗೆಯ ಕಬ್ಬಿಣದ ಬಾಗಿಲು ತೆರೆದ ಸದ್ದು. “ಇಳಿಸಿದೆ” ಎಂದರು. ಆಮೇಲೆ ಆಕೆ ಮೆಟ್ಟಿಲು ಹತ್ತುವ ಸದ್ದನ್ನು ಫೋನು ಕಿವಿಗೊತ್ತಿಕೊಂಡು ಕೇಳುತ್ತಿದ್ದೆ. ಗಂಡ ನೆಲದ ಮೇಲೆ ಬಿದ್ದುಕೊಂಡೇ ನನ್ನ ಬಾಯಿ ನೋಡುತ್ತಿದ್ದರು.

ಕೊನೆಗೆ ಮಗಳ ದನಿ, ಅಳುತ್ತ: “ಫ್ರಿಜ್ಜು ಹಿಡ್ಕೊಂಡ್‌ಬಿಡ್ತಮ್ಮ. ಕೈ ಬಿಡಿಸ್ಕೊಳ್ಳೋಕೇ ಆಗ್ಲಿಲ್ಲ.”

ಅಂಗೈ ಸುಟ್ಟಿತ್ತು, ಜೀವ ಇತ್ತು. ಇವರಿಗೆ ಹೇಳಿದೆ. ನೆಲಕ್ಕೆ ಹಣೆ ಒತ್ತಿಕೊಂಡು ಅತ್ತರು.

ಎರಡು ದಿನ ಬಿಟ್ಟು ಮಗಳ ಮನೆಗೆ ಬೇರೊಬ್ಬ ವೈರ್‌ಮನ್ ಬಂದ. ಬೋರ್ಡು ಬಿಚ್ಚಿ, ಬೆರಳುದ್ದದ ತಂತಿ ಕಿತ್ತು ಅಂಗೈ ಮೇಲಿಟ್ಟುಕೊಂಡು ನೋಡಿದ. “ಯಾರಮ್ಮ ಇದನ್ನ ಮಾಡಿದ್ದು? ಅಂಥವನ ಕೈ ಕಡೀಬೇಕು.”

ಆ ಕೈ ವಾರ್ಡಿನ ಹಾಸಿಗೆಯ ಮೇಲೆ ಅಲ್ಲಾಡದೆ ಬಿದ್ದಿತ್ತು. ಮಗಳು ಬ್ಯಾಂಡೇಜಿನ ಕೈ ಹಿಂದೆ ಮಾಡಿಕೊಂಡು, “ಮುಂಚೆ ಬಾಡಿಗೆಗೆ ಇದ್ದವರು ಯಾರೋ…” ಎಂದು ಶುರುಮಾಡಿದಳು.

“ನಾನು” ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನಿಮಗೆ ವೈರಿಂಗ್ ಬರುತ್ತಾ?”

“ಬರಲ್ಲ. ಬೇಡ ಅಂದವರ ಕೈಲಿ ಮಾಡಿಸಿದೆ.”