ಬಿಸಿ ಆರದ ರಜಾಯಿ

ದೆವ್ವ, ಭೂತದ ಮಾತು ಬಂದರೆ ನಗುತ್ತಿದ್ದವಳು ನಾನು. ಗಾಂಧಿ ಚೌಕದ ನಮ್ಮ ಬಟ್ಟೆ ಅಂಗಡಿಯಲ್ಲಿ ಯಾರಾದರೂ ಅಂಥ ಕತೆ ತೆಗೆದರೆ ಸೀರೆಯ ಮಾತಿಗೆ ತಿರುಗಿಸಿಬಿಡುತ್ತಿದ್ದೆ. ನೀವೂ ಇದನ್ನು ನಂಬಬೇಕೆಂದೇನಿಲ್ಲ.

ಕೆಲವು ವರ್ಷಗಳ ಹಿಂದೆ ಹೊನವಾಡದ ನನ್ನ ನಾದಿನಿ ಕಸ್ತೂರಿಯ ಜೊತೆ ಹಿಮಾಲಯಕ್ಕೆ ಹೋಗಿದ್ದೆ. ಅವರ ತೋಟದ ದ್ರಾಕ್ಷಿಯ ಕೆಲಸ ಮುಗಿದಿತ್ತು. ಹಿಮ ನೋಡಬೇಕೆಂಬುದು ಅವಳ ಹಟ. ಮರವೂ ಬೆಳೆಯದಷ್ಟು ಎತ್ತರದಲ್ಲಿ ನಮ್ಮ ಬಿಡಾರ. ನಾಲ್ಕೈದು ಗುಡಾರ, ಒಂದು ನೀರಿನ ಡ್ರಮ್ಮು, ತಗಡಿನ ಮರೆಯ ಹಿಂದೆ ಶೌಚಕ್ಕೊಂದು ಗುಂಡಿ. ಅದರ ಅಂಚಿನಲ್ಲಿ ಹಿಂದಿನವರು ಬಿಟ್ಟುಹೋದದ್ದು ಹಾಗೇ ಹೆಪ್ಪುಗಟ್ಟಿತ್ತು. ಮೂಗು ಮುಚ್ಚಿಕೊಂಡು ಹೊರಬಂದ ನಾನು ಮಧ್ಯಾಹ್ನದ ಊಟ ಮುಟ್ಟಲಿಲ್ಲ.

ಗುಡಾರದಲ್ಲಿ ಎರಡು ಮಂಚ, ಹೊದೆಯಲು ಎರಡು ದಪ್ಪ ರಜಾಯಿ. ನನ್ನದು ಕಲ್ಲಿನಂತೆ ತಣ್ಣಗಿತ್ತು. ಕಸ್ತೂರಿಯದರೊಳಗೆ ಕೈಯಿಟ್ಟರೆ ಬೆಚ್ಚಗೆ. ಯಾರೋ ಈಗಷ್ಟೇ ಎದ್ದುಹೋದಂಥ ಒದ್ದೆ ಬಿಸಿ. ಕಮಟು ಎಣ್ಣೆಯ, ಹಳೆಯ ಬೆವರಿನ ವಾಸನೆ. ಕೈ ಹಿಂದಕ್ಕೆಳೆದುಕೊಂಡೆ. ಬಿಡಾರ ನೋಡಿಕೊಳ್ಳುವವನನ್ನು ಕರೆದು ಕೇಳಿದೆ. ಒಂದು ವಾರದಿಂದ ಈ ಗುಡಾರಕ್ಕೆ ಯಾರೂ ಬಂದಿಲ್ಲವೆಂದ. ತಾನೂ ಕೈಯಿಟ್ಟು ನೋಡಿ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಹೊರಟುಹೋದ. ರಜಾಯಿಯನ್ನು ಹೊರಗೆ ಬಂಡೆಯ ಮೇಲೆ ಗಾಳಿಗೆ ಹರವಿದೆ. ಚಹಾ ಕುಡಿದು ಬಂದು ಮುಟ್ಟಿದರೂ ಅದೇ ಬಿಸಿ.

ಅಷ್ಟರಲ್ಲಿ ಕಸ್ತೂರಿ ನಡುಗತೊಡಗಿದ್ದಳು. ತುಟಿ ನೀಲಿಯಾಗಿ ಮಾತು ತೊದಲುತ್ತಿತ್ತು. ನನ್ನ ರಜಾಯಿ, ಶಾಲು, ಸ್ವೆಟರು ಎಲ್ಲ ಹೊದಿಸಿದರೂ ನಡುಕ ನಿಲ್ಲಲಿಲ್ಲ. ದಾರಿಗೆ ಹಿಮ ಬಿದ್ದು, ಬೆಳಗಿನವರೆಗೆ ಕೆಳಗಿಳಿಯುವಂತಿರಲಿಲ್ಲ.

“ವೈನಿ, ಅದನ್ನ ತಂದು ಹೊಚ್ಚ್ರಿ,” ಎಂದು ಅತ್ತಿಗೆಯಾದ ನನ್ನನ್ನು ಬೇಡಿಕೊಂಡಳು.

“ಅದು ನಾರತೈತಿ, ಕಸ್ತೂರಿ.”

“ನಾರಲಿ ಬಿಡ್ರಿ. ಜೀವ ಹೊಂಟೈತಿ.”

ಬಾಯಿಗೆ ಸೆರಗು ಒತ್ತಿಕೊಂಡು ಹೊದಿಸಿದೆ. ಹೊರಗೆ ಓಡಿ ವಾಂತಿ ಮಾಡಿಕೊಂಡೆ. ಮರಳಿ ಬಂದು ನನ್ನ ಮಂಚದ ಮೇಲೆ ಕೂತವಳು ಮತ್ತೆ ಅದನ್ನು ಮುಟ್ಟಲಿಲ್ಲ.

ಹೊತ್ತು ಮುಳುಗುವಷ್ಟರಲ್ಲಿ ನಡುಕ ನಿಂತಿತು. ಆಚೆ ಮುಖ ಮಾಡಿ ಮಲಗಿದ್ದ ಕಸ್ತೂರಿ ಮೆಲ್ಲಗೆ ಹೇಳಿದಳು: “ಸಾಕು ಏಳ್ರಿ ವೈನಿ. ಆಗಿಂದ ನನ್ನ ಬೆನ್ನಿಗಿ ಹತ್ತಿ ಮಲಗೀರಿ. ಕೈ ಜೋಮ ಹಿಡದಿರಬೇಕು.”

ನಾನು ನನ್ನ ಮಂಚದ ಮೇಲೇ ಕೂತಿದ್ದೆ. ಅವಳ ಬೆನ್ನ ಹಿಂದೆ ಉಬ್ಬಿಕೊಂಡಿದ್ದ ರಜಾಯಿ, ನಾನು ನೋಡುತ್ತಿದ್ದಂತೆಯೇ ನಿಧಾನವಾಗಿ ಚಪ್ಪಟೆಯಾಯಿತು.

ವೈನಿ ಎದೆಗವಚಿಕೊಂಡು ಜೀವ ಉಳಿಸಿದರೆಂದು ಹೊನವಾಡದಲ್ಲಿ ಅವಳು ಇಂದಿಗೂ ಎಲ್ಲರಿಗೂ ಹೇಳುತ್ತಾಳೆ. ಅಲ್ಲವೆಂದರೆ ಮತ್ತೆ ಯಾರೆಂದು ಹೇಳಲಿ? ನಮ್ಮ ಮನೆಗೆ ಬಂದಾಗಲೆಲ್ಲ ಪ್ರೀತಿಯಿಂದ ತಬ್ಬಿಕೊಳ್ಳುತ್ತಾಳೆ. ಆ ಕಮಟು ವಾಸನೆ ಮೂಗಿಗೆ ಬಡಿದೀತೆಂದು, ಅವಳು ಬಿಡುವವರೆಗೂ ನಾನು ಉಸಿರು ಬಿಗಿಹಿಡಿದು ನಿಂತಿರುತ್ತೇನೆ.