ಅವ್ವ ಹಿಂಬಾಲಿಸಿದ ದನಿ

ಬಸ್ಸು ಕೃಷ್ಣೆಯ ದೊಡ್ಡ ಸೇತುವೆ ಹತ್ತಿದ ಕೂಡಲೇ ನಾನು ಅವ್ವನ ಮುಂಗೈ ಹಿಡಿಯುತ್ತೇನೆ. ಅವಳು ಕಿಟಕಿಯಿಂದ ನೀರು ನೋಡುತ್ತ ಶೇಂಗಾ ಸುಲಿಯುತ್ತಿರುತ್ತಾಳೆ. "ಬಿಡವಾ, ಸಿಪ್ಪಿ ಬೀಳ್ತಾವ" ಅನ್ನುತ್ತಾಳೆ. ಅಂದು ಹೊಳೆಗೆ ಇಳಿದವಳು ಅವಳು. ಹೆದರಿಕೆ ಮಾತ್ರ ನನ್ನಲ್ಲೇ ಉಳಿದುಕೊಂಡಿತು.

ನಮ್ಮದು ರಾಯಬಾಗದ ಕಡೆಯ ಹೊಳೆದಂಡೆಯ ಊರು. ನಾನು ಚಿಕ್ಕೋಡಿಯಲ್ಲಿ ಬಿ.ಎ. ಓದುವಾಗ ಹಾರ್ಮೋನಿಯಂ ಪೇಟಿ ಕಲಿತು ಒಂದು ಪರೀಕ್ಷೆಯನ್ನೂ ಪಾಸು ಮಾಡಿದ್ದೆ. ಊರಿಗೆ ಮರಳಿದ ಮೇಲೆ ಗುರುವಾರ ಮಧ್ಯಾಹ್ನ ಹೆಂಗಸರನ್ನು ಸಮುದಾಯ ಭವನದಲ್ಲಿ ಕೂಡಿಸಿ ಹಾಡಿಸತೊಡಗಿದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಮನೆಗೊಂದು ಮೊಬೈಲು ಬರುತ್ತಿದ್ದ ಕಾಲ.

ಬಂದವರಲ್ಲಿ ಹೆಚ್ಚಿನವರು ಕಬ್ಬಿನ ಹೊಲದಲ್ಲಿ ಕಳೆ ತೆಗೆಯುವವರು. ಆರೋಗ್ಯ ಕೇಂದ್ರದ ಸಿಸ್ಟರ್ ಬೌದ್ಧರ ಮನೆಯವರು. "ದೇವರ ಪದ ನಾ ಹಾಡಂಗಿಲ್ರಿ. ನೀತಿ ಪದ ಇದ್ರ ಕರೀರಿ" ಎಂದು ಮೊದಲೇ ಹೇಳಿಬಿಟ್ಟರು. ಅವರಿಗಾಗಿ ನಾವು ನೀತಿ ಪದ ಹುಡುಕಿದೆವು, ಆಮೇಲೆ ಅವೇ ಎಲ್ಲರಿಗೂ ರೂಢಿಯಾದವು. ನಿಪ್ಪಾಣಿಯಿಂದ ಸೊಸೆಯಾಗಿ ಬಂದಿದ್ದವಳೊಬ್ಬಳು ತವರಿನಲ್ಲಿ ಬೀಡಿ ಕಟ್ಟಿ ಬೆಳೆದವಳು. ಹಾಡುವಾಗಲೂ ಅವಳ ಬೆರಳು ಎಲೆ ಸುತ್ತಿದಂತೆ ಆಡುತ್ತಿದ್ದವು. ಎಲ್ಲರ ಹಿಂದೆ, ಗೋಡೆಗೆ ಆತು ನಮ್ಮವ್ವ. ಎಮ್ಮೆ ಕಾಯುವುದು, ಹಾಲು ಹಿಂಡುವುದು ಬಿಟ್ಟರೆ ಅವಳನ್ನು ಯಾರೂ ಯಾವುದಕ್ಕೂ ಕರೆದಿರಲಿಲ್ಲ.

ನಮ್ಮ ಹಾಡಿಕೆಯ ಕ್ರಮ ಸರಳ. ಮುಂದೆ ಕುಳಿತವಳು ಒಂದು ಸಾಲು ಹೇಳುವುದು, ಹಿಂದಿನವರು ಅದನ್ನೇ ಎತ್ತಿಕೊಳ್ಳುವುದು. ಓದು ಬಾರದವರೇ ಹೆಚ್ಚಾಗಿದ್ದರಿಂದ ಪಾಠವೆಲ್ಲ ಕಿವಿಯದು. "ಅರ್ಥ ಆಮ್ಯಾಲೆ. ಬಿದ್ದ ಸಾಲು ಬಿದ್ದಂಗ ಎತ್ತರಿ. ವಿಚಾರ ಮಾಡ್ಕೋತ ಕುಂತ್ರ ತಾಳ ಹೋಗ್ತೈತಿ" ಎಂದು ನಾನೇ ಅವರನ್ನು ತಿದ್ದಿ ತಿದ್ದಿ ಪಳಗಿಸಿದ್ದೆ.

ಮೊದಲ ವರ್ಷ ಮುಂದೆ ಕೂತವಳು ನಾನು. ಆಮೇಲೆ ಟೇಲರ್ ಬಾಯಿ ಬಂದಳು.

ಅವಳು ಶಿರಗುಪ್ಪಿ ಕಡೆಯವಳು, ಊರ ಹೆಂಗಸರ ರವಿಕೆ ಹೊಲಿಯುತ್ತಿದ್ದಳು, ಗಂಡ ಬಸ್ಸಿನ ಕಂಡಕ್ಟರು. ಅರ್ಧ ಮರಾಠಿ, ಅರ್ಧ ಕನ್ನಡ, ನಡುವೆ ನಗು. ಸ್ವರ ಅಂದರೇನೆಂದು ಗೊತ್ತಿರಲಿಲ್ಲ, ಗೊತ್ತಿಲ್ಲದ್ದಕ್ಕೆ ಸಂಕೋಚವೂ ಇರಲಿಲ್ಲ. ನನಗೆ ಗಂಟಲು ಕಟ್ಟಿದ ಒಂದು ಗುರುವಾರ "ನಾ ಅಂತೀನಿ ಸರೀರಿ ಅಕ್ಕಾ" ಎಂದು ಮುಂದೆ ಬಂದು ಕೂತಳು. ಬಾಯಿ ತೆರೆದಳು. ಅಷ್ಟು ದಿನ ನನ್ನ ಹಿಂದೆ ಗೊಣಗಿಕೊಂಡಂತೆ ಹಾಡುತ್ತಿದ್ದ ಹೆಂಗಸರು ಬೆನ್ನು ನೆಟ್ಟಗೆ ಮಾಡಿ ಹಾಡಿದರು. ನನ್ನ ಗಂಟಲು ಎರಡು ದಿನಕ್ಕೆ ಸರಿಹೋಯಿತು, ಜಾಗ ಮಾತ್ರ ಮರಳಲಿಲ್ಲ. ನಾನು ಪೇಟಿ ಬಾರಿಸುವವಳಾದೆ.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಆದರೆ ಅವ್ವ ಹಿಂದಿನ ಗೋಡೆ ಬಿಟ್ಟು ಅವಳ ಮಗ್ಗುಲಿಗೇ ಬಂದು ಕೂರತೊಡಗಿದಳು. ಮನೆಯಲ್ಲಿ ಹಾಲು ಹಿಂಡುವಾಗ ಟೇಲರ್ ಬಾಯಿಯ ವರಸೆಯಲ್ಲೇ ಗುನುಗುತ್ತಿದ್ದಳು.

"ಅದು ತಪ್ಪವ್ವಾ, ದನಿ ಅಲ್ಲಿ ಏರಂಗಿಲ್ಲ" ಎಂದೆ ಒಮ್ಮೆ.

"ಎಮ್ಮಿ ಏನ ಪರೀಕ್ಷಾ ಬರ್ಯಾಕತ್ತೈತೇನ? ಹಿಂಗ ಅಂದ್ರ ಒದಿಯಂಗಿಲ್ಲ, ಸುಮ್ನ ನಿಂದರ್ತೈತಿ."

ಅವಳನ್ನು ಅವ್ವ "ಮಗಳ" ಎಂದು ಕರೆಯುವುದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಒಂದು ಶ್ರಾವಣದಲ್ಲಿ ಹೊಳೆಯ ಆಚೆ, ಅಥಣಿ ಕಡೆಯ ಊರಲ್ಲಿ ಹೆಂಗಸರ ಹಾಡಿನ ಸ್ಪರ್ಧೆಯಿತ್ತು. ಟೇಲರ್ ಬಾಯಿಯ ಮೈದುನ ಟ್ರ್ಯಾಕ್ಟರಿಗೆ ಟ್ರ್ಯಾಲಿ ಹೂಡಿಕೊಂಡು ಬಂದ. ಬೆಳಿಗ್ಗೆ ಹೋಗುವಾಗ ನೀರು ಸಣ್ಣ ಪೂಲಿನ ಕೆಳಗೇ ಇತ್ತು. ತಗ್ಗಿನ ಹಳೆಯ ಸೇತುವೆಗೆ ಹಾಗೆ ಅನ್ನುತ್ತೇವೆ. ಕಸಕಡ್ಡಿ ಸಿಕ್ಕಿಕೊಳ್ಳಬಾರದೆಂದು ಮಳೆಗಾಲದಲ್ಲಿ ಅದರ ಕಂಬಿ ತೆಗೆದಿಡುತ್ತಾರೆ. ಬಹುಮಾನ ಬರಲಿಲ್ಲ. ಸಂಜೆ ಮರಳುವ ಹೊತ್ತಿಗೆ ಮೇಲಿನಿಂದ, ಮಹಾರಾಷ್ಟ್ರದ ಕಡೆಯಿಂದ, ನೀರು ಬಿಟ್ಟಿದ್ದರು. ಪೂಲಿನ ಮೇಲೆ ಮೊಣಕಾಲಿನಷ್ಟು ಕೆಂಪು ನೀರು ಹರಿಯುತ್ತಿತ್ತು. ದಂಡೆಯ ಮೇಲಿದ್ದವರು ಬೇಡವೆಂದರು. ಎಲ್ಲರಿಗೂ ಹಿಂಡುವ ಎಮ್ಮೆಯ ಚಿಂತೆ. ಮೈದುನ ಗಾಡಿ ಇಳಿಸಿದ.

ನಡುಮಧ್ಯೆ ಮುಂದಿನ ಗಾಲಿಗೆ ತೇಲಿಬಂದ ಬೊಡ್ಡೆಯೊಂದು ಅಡ್ಡಬಿದ್ದು ಇಂಜಿನ್ ನಿಂತಿತು.

"ಯಾರೂ ಇಳೀಬ್ಯಾಡ್ರಿ. ಭಾರ ಗಾಡಿ, ಎಲ್ಲೂ ಹೋಗಂಗಿಲ್ಲ. ಇನ್ನೊಂದ ಟ್ರ್ಯಾಕ್ಟರ್ ಕರಸ್ತೀನಿ" ಎಂದು ಅವನು ಫೋನು ತೆಗೆದ. ನಾನೂ ಅದನ್ನೇ ಹೇಳಿದೆ. ಎಲ್ಲರೂ ತಲೆಯಾಡಿಸಿ ಕೂತಿದ್ದರು. ಕೂತೇ ಇದ್ದರು.

ಆಗ ಟೇಲರ್ ಬಾಯಿ ಎದ್ದು ನಿಂತು ನೀರು ನೋಡಿದಳು. ಮುಖ ಸುಣ್ಣವಾಗಿತ್ತು. "ಇಳೀರಿ!" ಎಂದಳು, ಅದೇ ತುಂಬಿದ ದನಿಯಲ್ಲಿ.

"ಇಳೀರಿ!" ಎಂದರು ಹಿಂದಿನವರು, ಒಟ್ಟಿಗೆ.

"ಕೈ ಹಿಡೀರಿ!"

"ಕೈ ಹಿಡೀರಿ!"

ಯಾರೂ ವಿಚಾರ ಮಾಡಲಿಲ್ಲ. ಬಿದ್ದ ಸಾಲನ್ನು ಬಿದ್ದಂತೆ ಎತ್ತಿಕೊಂಡರು, ಎತ್ತಿಕೊಳ್ಳುತ್ತಲೇ ಇಳಿದರು. "ಬ್ಯಾಡ್ರೋ, ಬ್ಯಾಡ್ರೋ" ಎಂದು ಮೈದುನ ಚೀರುತ್ತಿದ್ದ. ನಾನು ಅವ್ವನ ಸೆರಗು ಹಿಡಿದೆ. ಅದು ಕೈಯಿಂದ ಜಾರಿತು. "ಅವ್ವಾ, ಕುಂದರು! ಅವ್ವಾ!" ಅವಳು ಟೇಲರ್ ಬಾಯಿಯ ಕೈ ಹಿಡಿದು ಆಗಲೇ ನೀರಿನಲ್ಲಿದ್ದಳು. ಅವಳ ಹಿಂದೆ ನಿಪ್ಪಾಣಿಯವಳು, ಅವಳ ಹಿಂದೆ ಸಿಸ್ಟರ್, ಆಮೇಲೆ ಉಳಿದವರು. ಟ್ರ್ಯಾಲಿಯಲ್ಲಿ ಉಳಿದದ್ದು ನಾನು ಮತ್ತು ಪೇಟಿ.

ಮೇಲಿನಿಂದ ಎಲ್ಲ ಕಾಣುತ್ತಿತ್ತು. ಅದೇ ಈಗಲೂ ಕಾಣುತ್ತದೆ. ಸೀರೆಗಳು ನೀರು ತುಂಬಿ ಒಂದೇ ಕಡೆಗೆ ಉಬ್ಬಿದ್ದವು. ದಂಡೆ ಇನ್ನೂ ದೂರವಿತ್ತು. ಅವ್ವನ ತಲೆ ಇದ್ದಕ್ಕಿದ್ದಂತೆ ತಗ್ಗಿತು. ಪೂಲಿನ ಅಂಚು ದಾಟಿದ್ದಳು. ಎದೆಯವರೆಗೆ, ಆಮೇಲೆ ಗದ್ದದವರೆಗೆ ನೀರು. ನಾನು ಟ್ರ್ಯಾಲಿಯ ಅಂಚು ಹಿಡಿದು ಬಾಗಿದೆ. ಒಂದು ಕೈ ಟೇಲರ್ ಬಾಯಿಯದು, ಒಂದು ಕೈ ನಿಪ್ಪಾಣಿಯವಳದು, ಇಬ್ಬರೂ ಬಿಡಲಿಲ್ಲ. ಸಿಸ್ಟರ್ ಮುಂದೆ ಬಾಗಿ ಅವ್ವನ ರವಿಕೆಯ ಬೆನ್ನಿಗೆ ಕೈ ಹಾಕಿ ಎಳೆದರು. ಅವ್ವ ಮೇಲೆ ಬಂದಳು, ನಡೆದಳು, ದಂಡೆ ಹತ್ತಿದಳು.

ಕತ್ತಲಾಗುವ ಮೊದಲೇ ಇನ್ನೊಂದು ಟ್ರ್ಯಾಕ್ಟರ್ ಬಂದು ನಮ್ಮ ಗಾಡಿಯನ್ನು ಎಳೆಯಿತು. ನನ್ನ ಸೀರೆಯ ಅಂಚು ಕೂಡ ತೊಯ್ದಿರಲಿಲ್ಲ. ಪೇಟಿ ಒಣಗಿಯೇ ಇತ್ತು. ಇದನ್ನು ನಾನು ಅಂದಿನಿಂದ ಎಷ್ಟೋ ಜನರಿಗೆ ಹೇಳಿದ್ದೇನೆ. ಅವರು ಕೇಳಿ, "ಆ ಬಾಯಿ ಭಾಳ ಧೈರ್ಯದಾಕಿ ಬಿಡ್ರಿ. ಅಷ್ಟೂ ಮಂದಿನ ದಾಟಿಸಿದ್ಲು" ಅನ್ನುತ್ತಾರೆ. ಊರಲ್ಲಿ ಅವಳಿಗೆ ಶಾಲು ಹೊದಿಸಿದರು. ಹೊದಿಸುವಾಗ ಚಪ್ಪಾಳೆ ತಟ್ಟಿದವರಲ್ಲಿ ಅವ್ವನೂ ಇದ್ದಳು.

ಹೊಳೆ ದಾಟಿದ ಮರುದಿನವೇ ಟೇಲರ್ ಬಾಯಿ ನಮ್ಮ ಮನೆಗೆ ಬಂದಿದ್ದಳು, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಕಟ್ಟೆಯ ಮೇಲೆ ಕೂತು ಮೆಲ್ಲಗೆ, "ಅಕ್ಕಾ, ಖರೇ ಹೇಳ್ತೀನಿ. ನಾ ವಿಚಾರ ಮಾಡಿ ಅಂದಿದ್ದಲ್ಲ. ಜೀವ ಬಾಯಿಗಿ ಬಂದಿತ್ತು, ಅಂದಬಿಟ್ಟೆ. ಅವ್ರು ಇಳ್ಯಾಕ ಸುರು ಮಾಡಿದ ಮ್ಯಾಲ ನಾ ಹ್ಯಾಂಗ ನಿಂದರ್ಲಿ?" ಎಂದಳು.

ಕನಿಕರ ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು. ಹೆದರಿ ಉದುರಿಸಿದ ಮಾತಿಗೆ ಅಷ್ಟು ಹೆಂಗಸರು ಹೊಳೆಗೆ ಇಳಿದರು. ಯೋಚಿಸಿ ಹೇಳಿದ ನನ್ನ ಮಾತಿಗೆ ಹೆತ್ತವಳು ಕೂಡ ಕೂರಲಿಲ್ಲ.

ಬಹಳ ದಿನ ತಡೆದುಕೊಂಡೆ. ಒಂದು ದಿನ ಅವ್ವ ಹಿತ್ತಲಲ್ಲಿ ಹಿಂಡಿ ನೆನೆಹಾಕುತ್ತಿದ್ದಾಗ ಕೇಳಿಯೇಬಿಟ್ಟೆ. "ಪೂಲಿನ ಮ್ಯಾಲ ನಾ ಕರದಿದ್ದು ನಿನಗ ಕೇಳಸ್ಲಿಲ್ಲೇನ?"

"ಕೇಳಿಸ್ತು."

"ಮತ್ತ?"

"ಎಲ್ಲಾರೂ ಇಳದ್ರು. ನೀನೂ ಹಿಂದ ಬಂದಿರ್ತಿ ಅಂದ್ಕೊಂಡ್ನಿ." ಹಿಂಡಿಯ ಗಡ್ಡೆಯನ್ನು ಬೆರಳಲ್ಲಿ ಒಡೆಯುತ್ತ ಮುಂದುವರಿಸಿದಳು. "ನಡು ನೀರಾಗ ಎಲ್ಲಾರ ದನಿ ಕೇಳಾಕತ್ತಿತ್ತು, ನಿನ್ನ ದನಿ ಇರ್ಲಿಲ್ಲ. ಎಲ್ಲಿದ್ದಿ ಅಂತ ಹೊಳ್ಳಿ ನೋಡಿದ್ನಿ. ಅವಾಗ ಕಾಲ ತಪ್ಪಿತು."

ಎಮ್ಮೆ ಬಕೆಟ್ಟಿನತ್ತ ಮೂತಿ ಚಾಚಿತು. ಅವ್ವ ಅದನ್ನು ಮೊಣಕೈಯಿಂದ ಸರಿಸಿದಳು. ನನ್ನ ಕಡೆ ನೋಡಲಿಲ್ಲ, ನೋಡುವ ಅಗತ್ಯವೂ ಅವಳಿಗೆ ಕಂಡಿರಲಿಕ್ಕಿಲ್ಲ. ನಾನು ನೀರು ಸೇದಿ ಬಕೆಟ್ಟಿಗೆ ಸುರಿದೆ. "ಸಾಕು" ಎಂದಳು. ನಿಲ್ಲಿಸಿದೆ.