ತಲೆಕೆಳಗೆ ಬಿದ್ದ ಮುದ್ರೆ

ಗೊಮುನ್‌ಗೋಲ್ ಕಲ್ಲಿದ್ದಲ ಕಣಿವೆಯ ನಮ್ಮ ಪ್ರಾಥಮಿಕ ಶಾಲೆಯಲ್ಲಿ ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರ ಮುಂದೆ ಮಾದರಿ ಪಾಠ ನಡೆಯುತ್ತಿತ್ತು. ಮಾದರಿ ಅಂದರೆ ನಾಟಕ. ಹನ್ನೊಂದು ದಿನ ತಾಲೀಮು. ಯಾವ ಪ್ರಶ್ನೆಗೆ ಯಾರು ಏಳಬೇಕು, ಏನು ಹೇಳಬೇಕು, ಎಲ್ಲಿ ಚಪ್ಪಾಳೆ ತಟ್ಟಬೇಕು, ಎಲ್ಲ ಮೊದಲೇ ಗೊತ್ತು. 1987ರ ವಸಂತದಲ್ಲಿ ಆ ಸರದಿ ನಾಲ್ಕನೇ ತರಗತಿಯ ತಕ್ ಮಾಲ್‌ಸುನ್ ಟೀಚರಿಗೆ ಬಂತು. ಅಯಸ್ಕಾಂತದ ಪಾಠ. ಗಾಬರಿಯಲ್ಲಿ ಅವರು ಮೂರನೇ ಪ್ರಶ್ನೆಯನ್ನು ನುಂಗಿ ಸೀದಾ ನಾಲ್ಕನೆಯದಕ್ಕೆ ಹಾರಿದರು.

"ಅಯಸ್ಕಾಂತಕ್ಕೆ ಯಾವ ವಸ್ತು ಅಂಟೋದಿಲ್ಲ?"

ಮೂರನೇ ಉತ್ತರ ಬಾಯಿಪಾಠ ಮಾಡಿದ್ದ ಹುಡುಗಿ ತನ್ನ ಸರದಿ ಬಂತೆಂದು ಎದ್ದು ನಿಂತಳು. "ರೈಲು ಹಳಿ, ಟೀಚರ್!"

ಐವತ್ತೆಂಟು ಮಕ್ಕಳು ತಾಲೀಮಿನ ಪ್ರಕಾರ ಚಪ್ಪಾಳೆ ತಟ್ಟಿದರು. ಹಿಂದಿನ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಇನ್ಸ್‌ಪೆಕ್ಟರೂ ತಟ್ಟಿದ. ವರದಿಯಲ್ಲಿ "ಅತ್ಯುತ್ತಮ" ಎಂದು ಬರೆದು, ಮುಖ್ಯೋಪಾಧ್ಯಾಯರ ಜೊತೆ ಊಟಕ್ಕೆ ಹೋದ.

ಆವತ್ತು ಸಂಜೆ ಗಣಿಯವರು ಗಂಟಲ ಧೂಳು ಕಳೆಯಲು ಹಂದಿಮಾಂಸ ಸುಡಿಸಿಕೊಂಡು ತಿನ್ನುವ ಅಂಗಡಿಯಲ್ಲಿ ನಾವು ಮೇಷ್ಟ್ರುಗಳೂ ಕೂತಿದ್ದೆವು. ರೈಲು ಹಳಿಯ ಕಥೆಗೆ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ತಕ್ ಟೀಚರು ನಗಲಿಲ್ಲ. ಅಕ್ಕಿ ಹೆಂಡದ ಬಟ್ಟಲು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಹನ್ನೊಂದು ದಿನ ನಾನು ಆ ಮಕ್ಕಳಿಗೆ ಸುಳ್ಳಾಡೋದು ಕಲಿಸ್ದೆ ಕಣೋ ಬ್ಯೋನ್. ಒಬ್ಬರೂ ತಪ್ಪಲಿಲ್ಲ ನೋಡು. ಎಷ್ಟು ಚೆನ್ನಾಗಿ ಪಾಠ ಮಾಡ್ತೀನಿ ನಾನು!"

ಅವರಿಗಾಗ ನಲವತ್ತು, ನನಗೆ ಇಪ್ಪತ್ತಾರು. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. ಆಲೂಗಡ್ಡೆ ಬಿಟ್ಟರೆ ಬೇರೇನೂ ಬೆಳೆಯದ ಬೆಟ್ಟದ ಹಳ್ಳಿಯ ಆರನೇ ಹೆಣ್ಣು. ಇನ್ನು ಹೆಣ್ಣು ಸಾಕೆಂದು ಅಪ್ಪ ಮಾಲ್‌ಸುನ್ ಎಂದು ಹೆಸರಿಟ್ಟಿದ್ದ. ನಮ್ಮ ಕಡೆ ಕೊನೆಯವಳಾಗಲಿ ಅಂತಲೇ ಇಡುವ ಹೆಸರು ಅದು. ಗಂಡ ಗಿಲ್‌ಚೊಲ್ ಗಣಿಯ ಆಳದಲ್ಲಿ ಕಲ್ಲಿದ್ದಲು ಒಡೆಯುವವನು. ಕುಳ್ಳಗೆ, ಗಟ್ಟಿಮುಟ್ಟಾಗಿ, ಬೀದಿಯಲ್ಲಿ ನಡೆದರೆ ಮೀನು ಮಾರುವವಳೆಂದು ಯಾರಾದರೂ ದರ ಕೇಳಬೇಕು, ಹಾಗಿದ್ದರು ತಕ್ ಟೀಚರು. ಭಾಷಣ ಬಾರದು. ಸಭೆಯಲ್ಲಿ ನಿಲ್ಲಿಸಿದರೆ ಕತ್ತು ಕೆಂಪಾಗುತ್ತಿತ್ತು.

1989ರ ಮೇ ತಿಂಗಳಲ್ಲಿ ಶಿಕ್ಷಕರ ಸಂಘ ಹುಟ್ಟಿತು. ಸರ್ಕಾರ ಅದನ್ನು ಕಾನೂನುಬಾಹಿರ ಎಂದು ಸಾರಿತು. ನಮ್ಮ ಕಣಿವೆಯಲ್ಲಿ ಮೂವತ್ತೊಂದು ಜನ ಸೇರಿದ್ದೆವು, ತಕ್ ಟೀಚರೂ ಒಬ್ಬರು. ಆಮೇಲೆ ಮುಚ್ಚಳಿಕೆ ಬರೆಸುವ ಕಾಲ ಬಂತು. "ಸಂಘವನ್ನು ಬಿಟ್ಟಿದ್ದೇನೆ, ಮುಂದೆ ಸೇರುವುದಿಲ್ಲ" ಎಂದು ಕೈಯಾರೆ ಬರೆದು, ಸಹಿಯ ಬದಲು ನಾವು ಬಳಸುವ ಹೆಸರಿನ ಮುದ್ರೆ ಒತ್ತಿದರೆ ಕೆಲಸ ಉಳಿಯಿತು, ಇಲ್ಲವಾದರೆ ವಜಾ. ಹಳ್ಳಿಯಿಂದ ತಾಯಂದಿರನ್ನು ಕರೆಸಿ ಶಾಲೆಯ ಗೇಟಿನಲ್ಲಿ ಅಳಿಸಿದರು. ಮಾವಂದಿರಿಗೆ ಫೋನು ಮಾಡಿದರು. ಜುಲೈ ಮುಗಿಯುವ ಹೊತ್ತಿಗೆ ಇಪ್ಪತ್ತೇಳು ಜನ ಮುದ್ರೆ ಒತ್ತಿದ್ದರು. ಒತ್ತದೆ ಉಳಿದ ನಾಲ್ವರನ್ನು ಬೀದಿಗೆ ಹಾಕಿದರು. ಅವರಲ್ಲಿ ನಾನೊಬ್ಬ, ಪಾಂಗ್ ಇಲ್‌ಹ್ವಾನ್ ಮೇಷ್ಟ್ರು ಇನ್ನೊಬ್ಬರು. ತಕ್ ಟೀಚರು ಇಪ್ಪತ್ತೇಳರಲ್ಲಿ ಸೇರಿದರು.

ನಮಗೆ ಸರ್ಕಾರದ ಮೇಲಿನ ಸಿಟ್ಟಿಗಿಂತ ಆ ಇಪ್ಪತ್ತೇಳು ಜನರ ಮೇಲಿನ ಸಿಟ್ಟು ಹೆಚ್ಚಾಗಿತ್ತು. ಸರ್ಕಾರ ದೂರದಲ್ಲಿತ್ತು. ಇವರು ದಿನಾ ಎದುರಿಗೆ ಸಿಗುತ್ತಿದ್ದರು. ನಾನು ಒಂದು ಕರಪತ್ರ ಬರೆದೆ. ಇಪ್ಪತ್ತೇಳು ಹೆಸರನ್ನೂ ಹಾಕಿ, "ಇವರು ಬಾಲ ಅಲ್ಲಾಡಿಸಿ ಬಟ್ಟಲು ಉಳಿಸಿಕೊಂಡ ನಾಯಿಗಳು" ಎಂದು ಬರೆದೆ. ಅವರವರ ಶಾಲೆಯ ಗೋಡೆಗೆ ಗಂಜಿ ಬಳಿದು ಅಂಟಿಸಿದೆವು. ತಕ್ ಟೀಚರ ಶಾಲೆಗೆ ನಾನೇ ಖುದ್ದಾಗಿ ಹೋಗಿ ಅಂಟಿಸಿದೆ. ಅಕ್ಕ ಅನ್ನುವುದನ್ನು ಬಿಟ್ಟೆ.

ಮಾರ್ಕೆಟ್ಟಿನ ಮಹಡಿಯಲ್ಲಿ ಬಾಡಿಗೆ ಕೋಣೆ ಹಿಡಿದು ನಾಲ್ಕೂವರೆ ವರ್ಷ ಸಂಘ ನಡೆಸಿದೆವು. ಪ್ರತಿ ಚಳಿಗಾಲಕ್ಕೂ ಬಾಗಿಲ ಬಳಿ ಒಂದು ಜಾಡಿ ಕಿಮ್ಚಿ, ಕೋಸಿನ ಖಾರದ ಉಪ್ಪಿನಕಾಯಿ, ಬಂದು ಕೂತಿರುತ್ತಿತ್ತು. ಯಾರದೆಂದು ಎಲ್ಲರಿಗೂ ಗೊತ್ತು, ಬೆಳ್ಳುಳ್ಳಿ ಅಷ್ಟೊಂದು ಹಾಕುವವರು ಈ ಕಣಿವೆಯಲ್ಲಿ ಒಬ್ಬರೇ. ತಿನ್ನುತ್ತ ಬೈದೆವು, ಬೈಯುತ್ತ ತಿಂದೆವು. ಖಾಲಿ ಜಾಡಿಯನ್ನು ತೊಳೆಯದೆ ಹೊರಗಿಡುತ್ತಿದ್ದೆವು. ತೊಳೆದಿಟ್ಟರೆ ಕ್ಷಮಿಸಿದಂತೆ ಅನ್ನೋದು ಪಾಂಗ್ ಮೇಷ್ಟ್ರ ವಾದ.

1994ರ ಮಾರ್ಚಿನಲ್ಲಿ ನಮ್ಮನ್ನು ವಾಪಸ್ ತೆಗೆದುಕೊಂಡರು. ನನಗೆ ಸಿಕ್ಕಿದ್ದು ತಕ್ ಟೀಚರಿದ್ದ ನಮ್ಮ ಹಳೆಯ ಶಾಲೆಯೇ, ಅವರ ಪಕ್ಕದ ತರಗತಿಯೇ. ಅಷ್ಟರಲ್ಲಿ ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಐವತ್ತೆಂಟಿದ್ದ ಕಡೆ ಇಪ್ಪತ್ತು ಮಕ್ಕಳು. ನಾನು ಮೊದಲ ದಿನವೇ ನಿಜವಾದ ಶಿಕ್ಷಣ ಅಂದರೆ ಏನೆಂದು ಮಕ್ಕಳಿಗೆ ವಿವರಿಸಿದೆ. ಮಹಡಿ ಕೋಣೆಯಲ್ಲಿ ನಾಲ್ಕು ವರ್ಷ ಮಸೆದ ಮಾತುಗಳು. ಅರ್ಧ ಗಂಟೆಯಲ್ಲಿ ಆರು ಮಕ್ಕಳು ನಿದ್ದೆ ಹೋದವು. ಒಂದು ತಿಂಗಳಾದರೂ ಹಾಗೆಯೇ. ಬೀದಿಯಲ್ಲಿ ಅಶ್ರುವಾಯುವಿಗೆ ಎದೆಯೊಡ್ಡಿದವನಿಗೆ ಭಿನ್ನರಾಶಿ ಕಲಿಸಲು ಆಗಲಿಲ್ಲ.

ಏಪ್ರಿಲ್‌ನ ಒಂದು ಬುಧವಾರ ಶಾಲೆ ಬಿಟ್ಟಮೇಲೆ ತಕ್ ಟೀಚರು ನನ್ನ ಕೋಣೆಗೆ ಬಂದು ಮೇಜಿನ ಮೇಲೆ ಒಂದು ನೋಟ್‌ಬುಕ್ ಎಸೆದರು.

"ಗೋಡೆ ತೆಳ್ಳಗಿದೆ. ನಿನ್ನ ಪಾಠ ಎಲ್ಲ ಕೇಳಿಸ್ತದೆ."

"ಅದಕ್ಕೇ?"

"ಅದಕ್ಕೇ ಅಯ್ಯೋ ಅನ್ನಿಸ್ತು. ಓದು. ಇದರಲ್ಲಿರೋದೆಲ್ಲಾ ಕೆಟ್ಟ ಪಾಠಗಳೇ. ನಿನಗೆ ಜೊತೆ ಸಿಗ್ತದೆ."

ಎಡ ಪುಟದಲ್ಲಿ ತಾವು ಆ ದಿನ ಮಾಡಿದ್ದು, ಬಲ ಪುಟದಲ್ಲಿ ಅದಕ್ಕೆ ಮಕ್ಕಳು ಅಂದದ್ದು. ಅಷ್ಟೇ, ಬೇರೆ ವ್ಯಾಖ್ಯಾನವಿಲ್ಲ. ಒಂದು ಕಡೆ ಎಡಕ್ಕೆ: "ದಾಲ್‌ಸು ಗಮನ ಕೊಡುವುದಿಲ್ಲ ಎಂದು ಮೂರನೇ ಸಲ ಬೈದೆ." ಬಲಕ್ಕೆ: "ದಾಲ್‌ಸು: ಟೀಚರ್, ಈ ಕಡೆ ಕಿವಿಗೆ ಬಂದು ಬೈಯಿರಿ, ಆ ಕಡೆಯದು ಕೇಳಲ್ಲ." ಮರುದಿನದ ಎಡ ಪುಟ: "ಎರಡು ವರ್ಷ ಅವನನ್ನು ಕೇಳದ ಕಿವಿ ನನ್ನ ಕಡೆ ಬರುವಂತೆ ಕೂರಿಸಿದ್ದೆ. ಇವತ್ತು ಜಾಗ ಬದಲಿಸಿದೆ." ಬಲ ಪುಟ ಖಾಲಿ. ಮಕ್ಕಳು ಅದಕ್ಕೆ ಏನೂ ಅಂದಿರಲಿಕ್ಕಿಲ್ಲ.

ನಮ್ಮಲ್ಲಿ ಬಡ್ತಿ ಅಂಕಕ್ಕಾಗಿ ಮೇಷ್ಟ್ರುಗಳು ಸಂಶೋಧನಾ ವರದಿ ಬರೆಯುವ ಪದ್ಧತಿಯಿದೆ. ದಪ್ಪ ರಟ್ಟು, ಬಣ್ಣದ ನಕ್ಷೆ, ಕೊನೆಗೆ ಮಕ್ಕಳ ಆಸಕ್ತಿ ಶೇಕಡಾ ಇಷ್ಟು ಏರಿತು ಎಂಬ ಹಸಿ ಸುಳ್ಳು. ಅಂಥವನ್ನು ನೂರು ಓದಿದ್ದೆ. ತರಗತಿಯಲ್ಲಿ ಏನಾಯಿತೋ ಅದನ್ನು ಬರೆದಿಟ್ಟ ಒಬ್ಬರನ್ನೂ ಕಂಡಿರಲಿಲ್ಲ. ಓದಿ ಮುಗಿಸಿ ನೋಟ್‌ಬುಕ್ ವಾಪಸ್ ಕೊಟ್ಟೆ. ಮುಂದಿನ ಬುಧವಾರ ನನ್ನದೂ ಒಂದು ಕೆಟ್ಟ ಪಾಠ ಬರೆದುಕೊಂಡು ಹೋದೆ.

ಹಾಗೆ ಶುರುವಾದದ್ದು ಬುಧವಾರದ ಕೂಟ. ಒಂದೇ ನಿಯಮ: ಚೆನ್ನಾಗಿ ಆದ ಪಾಠ ತಂದವರು ಮನೆಗೆ ಹೋಗಬಹುದು. ಮೊದಲು ಇಬ್ಬರೇ, ಆಮೇಲೆ ಐವರು, ಮೂರನೇ ವರ್ಷಕ್ಕೆ ಆರು ಶಾಲೆಗಳಿಂದ ಬಸ್ಸು ಹಿಡಿದು ಬರತೊಡಗಿದರು. ಮುದ್ರೆ ಒತ್ತಿದವರೂ ಬಂದರು, ಒತ್ತದವರೂ ಬಂದರು. ಪಾಂಗ್ ಮೇಷ್ಟ್ರು ಎರಡು ವರ್ಷ ಬಿಗಿದುಕೊಂಡಿದ್ದು, ಕೊನೆಗೆ ಅವರೂ ಬಂದು ಬಾಗಿಲ ಪಕ್ಕ ಕೂತರು. 1998ರಲ್ಲಿ ಆರೂ ಶಾಲೆಯ ನಾವು ಒಟ್ಟಿಗೆ ಹೇಳಿದೆವು: ಮಾದರಿ ಪಾಠ ಮಾಡ್ತೇವೆ, ತಾಲೀಮು ಮಾಡಿಸೋದಿಲ್ಲ. ಆ ವರ್ಷ ಇನ್ಸ್‌ಪೆಕ್ಟರ ಮುಂದೆ ತಕ್ ಟೀಚರ ಪಾಠ ನೆಗೆದುಬಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಹುಡುಗ ಮಾತ್ರ "ಟೀಚರ್, ಇದು ನಿಮಗೇ ಅರ್ಥ ಆಗಿಲ್ಲ ಅಲ್ವಾ?" ಅಂದ. ಇನ್ಸ್‌ಪೆಕ್ಟರು ಆವತ್ತು ಎಚ್ಚರವಾಗಿದ್ದರು.

2009ಕ್ಕೆ ಸಂಘಕ್ಕೆ ಇಪ್ಪತ್ತು ವರ್ಷ. ತಕ್ ಟೀಚರು ನಿವೃತ್ತರಾಗುವ ವರ್ಷವೂ ಅದೇ. ನಮ್ಮ ಕಣಿವೆಯ ಮೇಷ್ಟ್ರುಗಳು ಶಾಲೆಯನ್ನು ಹೇಗೆ ಬದಲಿಸಿದರು ಎಂಬುದನ್ನು ಪುಸ್ತಕ ಮಾಡಬೇಕೆಂದು ತೀರ್ಮಾನವಾಯಿತು. ಶಿಕ್ಷಕರೇ ಮುಂದೆ ನಿಂತು ತರುವ ಬದಲಾವಣೆಯ ಮೇಲೆ ಸಂಶೋಧನೆ ಮಾಡುವ ಪ್ರೊಫೆಸರ್ ಓಕ್ ರಾಜಧಾನಿಯಿಂದ ಬಂದರು. ಒಳ್ಳೆಯ ಮನುಷ್ಯ, ಬರೀ ಒಳ್ಳೆಯದನ್ನೇ ಬರೆಯುವ ಚಾಳಿ. ಪುಸ್ತಕದ ಅರ್ಧ ಭಾಗ ತಕ್ ಟೀಚರ ನೋಟ್‌ಬುಕ್ಕುಗಳೇ ಆಗಬೇಕು ಅಂದರು. ಒಟ್ಟು ಹದಿನೇಳು. ತಕ್ ಟೀಚರು ಅವನ್ನು ಕಲ್ಲಂಗಡಿ ತರುವ ಬಲೆ ಚೀಲದಲ್ಲಿ ಹೊತ್ತು ತಂದರು.

"ಕೊಡ್ತೀನಿ. ಆದ್ರೆ ಮೊದಲನೇ ಪುಟದಿಂದ ಹಾಕ್ಬೇಕು. ಅದನ್ನ ಬಿಟ್ರೆ ಒಂದೂ ಇಲ್ಲ, ವಾಪಸ್ ತಗೊಂಡು ಹೋಗ್ತೀನಿ."

ಮೊದಲನೇ ನೋಟ್‌ಬುಕ್ಕನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಪ್ರೊಫೆಸರು ತೆರೆದರು. ಎಡ ಪುಟದಲ್ಲಿ ಅಂಟಿಸಿದ್ದದ್ದು ಮುಚ್ಚಳಿಕೆ. 1989, ಜುಲೈ 29. ಅವರದೇ ದುಂಡು ಅಕ್ಷರ, ಕೆಳಗೆ ಕೆಂಪು ಮುದ್ರೆ. ಮುದ್ರೆ ತಲೆಕೆಳಗಾಗಿ ಬಿದ್ದಿತ್ತು. ಹಾಗೆ ಬಿದ್ದದ್ದಕ್ಕೇ ಉಪಮುಖ್ಯೋಪಾಧ್ಯಾಯರು ಇದು ನಡೆಯಲ್ಲ ಎಂದು ಇನ್ನೊಂದು ಹಾಳೆಯಲ್ಲಿ ಬರೆಸಿಕೊಂಡಿದ್ದರಂತೆ. ಕೆಟ್ಟ ಹಾಳೆಯನ್ನು ಇವರು ಮನೆಗೆ ತಂದಿದ್ದರು.

ಬಲ ಪುಟದಲ್ಲಿ ನನ್ನ ಕರಪತ್ರ ಇತ್ತು. ಮೂಲೆಗಳಲ್ಲಿ ಇನ್ನೂ ಗೋಡೆಯ ಸುಣ್ಣ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿತ್ತು: "ಬರೆದವನು ಬ್ಯೋನ್. ಸುಳ್ಳೇನೂ ಇಲ್ಲ."

ಪಾಂಗ್ ಮೇಷ್ಟ್ರು ಮೊದಲು ಬಾಯಿ ಬಿಟ್ಟರು. "ಇದು ಬೇಡ ತಕ್ ಟೀಚರೇ. ನಮ್ಮ ಪುಸ್ತಕದ ಬಾಗಿಲಲ್ಲೇ ಶರಣಾಗತಿ ಕಾಗದ ನೇತುಹಾಕೋದಾ? ಉಳಿದ ಇಪ್ಪತ್ತಾರು ಜನರ ಗತಿ ಏನು? ಅವರ ಮಕ್ಕಳು ಓದಲ್ವಾ?"

"ಅವರ ಹೆಸರು ಮಸಿ ಬಳಿದು ಮುಚ್ಚಿ. ನನ್ನದು ಮುಚ್ಚಬೇಡಿ."

ಪ್ರೊಫೆಸರ್ ಓಕ್ ಸಮಾಧಾನಕ್ಕೆ ಬಂದರು. "ಮೇಡಂ, ಹೀಗೆ ಹೇಳೋಣ. ನೀವು ಹೊರಗೆ ಮುದ್ರೆ ಒತ್ತಿ, ಒಳಗೊಳಗೇ ಭೂಗತವಾಗಿ ಹೋರಾಟ ಮುಂದುವರಿಸಿದ್ರಿ..."

"ಎಲ್ಲಿಯ ಭೂಗತ ಸ್ವಾಮಿ? ಭೂಮಿ ಒಳಗೆ ಇದ್ದೋನು ನನ್ನ ಗಂಡ. ನಾನು ಎರಡನೇ ಮಹಡೀಲಿ ಗುಣಾಕಾರ ಹೇಳ್ಕೊಡ್ತಿದ್ದೆ."

ಯಾರೋ ನಕ್ಕರು. ಪ್ರೊಫೆಸರು ಪೆನ್ನು ತೆಗೆದು, "ಕೌಟುಂಬಿಕ ಕಾರಣಗಳಿಂದ ಅನ್ನೋಣವಾ?" ಎಂದು ಕಾಗದದ ಮೇಲೆ ಬರೆದೂ ಬಿಟ್ಟರು. ಕೌಟುಂಬಿಕ ಕಾರಣ ಇತ್ತು. ಗಿಲ್‌ಚೊಲ್‌ನ ಶ್ವಾಸಕೋಶ ಆಗಲೇ ಕಲ್ಲಾಗುತ್ತಿತ್ತು, ಅವರಿದ್ದದ್ದು ಗಣಿ ಕಂಪನಿಯ ಮನೆಯಲ್ಲಿ, ಮುಚ್ಚಳಿಕೆ ಬರದಿದ್ದರೆ ಮನೆ ಖಾಲಿ ಮಾಡಿ ಎಂದು ಮೇಲ್ವಿಚಾರಕ ಹೇಳಿ ಕಳಿಸಿದ್ದ. ಇದು ನನಗೆ ತಿಳಿದದ್ದು ಗಿಲ್‌ಚೊಲ್ ಸತ್ತ ಮೇಲೆ, ಬೇರೆಯವರ ಬಾಯಿಂದ. ಅವರು ಒಮ್ಮೆಯೂ ಹೇಳಿರಲಿಲ್ಲ.

ತಕ್ ಟೀಚರು ಪ್ರೊಫೆಸರ ಕೈಯಿಂದ ಪೆನ್ನು ಕಸಿದುಕೊಂಡು ಆ ಎರಡು ಪದ ಹೊಡೆದುಹಾಕಿ ಮೇಲೆ ಬರೆದರು: "ಹೆದರಿದೆ."

"ಮನೆ ಕಷ್ಟ ಪಾಂಗ್ ಮೇಷ್ಟ್ರಿಗೂ ಇತ್ತು. ಅವರಮ್ಮ ಗೇಟಲ್ಲಿ ಬಿದ್ದು ಹೊರಳಾಡ್ಲಿಲ್ವಾ? ಅವರು ಒತ್ತಲಿಲ್ಲ, ನಾನು ಒತ್ತಿದೆ. ಅದನ್ನ ಬಿಟ್ಟು ಉಳಿದ ಹದಿನಾರು ನೋಟ್‌ಬುಕ್ ಹಾಕಿದ್ರೆ, ಅದೂ ತಾಲೀಮು ಮಾಡಿಸಿದ ಪಾಠನೇ. ಚಪ್ಪಾಳೆ ಬೇರೆ ತಟ್ಟಿಸ್ತೀರಿ."

ಪ್ರೊಫೆಸರು ಕೊನೆಯ ಪ್ರಯತ್ನ ಮಾಡಿದರು. ಮುಚ್ಚಳಿಕೆ ಹಾಕೋಣ, ಎದುರು ಪುಟದ ಕರಪತ್ರ ಬಿಡೋಣ, ಅದು ವೈಯಕ್ತಿಕ ನಿಂದನೆ ಅಂದರು. ನಿಜ ಹೇಳುತ್ತೇನೆ, ಆ ಮಾತು ಬರಲೆಂದೇ ನಾನು ಕಾಯುತ್ತಿದ್ದೆ.

ತಕ್ ಟೀಚರು ನನ್ನ ಕಡೆ ತಿರುಗಿದರು. "ಎಡಕ್ಕೆ ನಾನು ಮಾಡಿದ್ದು, ಬಲಕ್ಕೆ ಅವರು ಅಂದದ್ದು. ಇಪ್ಪತ್ತು ವರ್ಷ ಹಾಗೇ ಬರೆದಿದ್ದೀನಿ. ಮಕ್ಕಳು ಅಂದದ್ದಾದ್ರೆ ಇರಲಿ, ನೀನು ಅಂದದ್ದಾದ್ರೆ ಹರೀಬೇಕೇನೋ ಬ್ಯೋನ್?"

"ಬೇಡ ಅಕ್ಕ," ಅಂದೆ. "ಇರಲಿ ಬಿಡಿ."

ಎಷ್ಟೋ ವರ್ಷದ ಮೇಲೆ ಆ ಪದ ಬಾಯಿಗೆ ಬಂದಿತ್ತು. ಅವರು ಗಮನಿಸಿದರೋ ಇಲ್ಲವೋ, ಬಲೆ ಚೀಲವನ್ನು ಮಡಚಿ ಜೇಬಿಗೆ ಇಟ್ಟುಕೊಂಡರು, ಅಷ್ಟೇ. ಪಾಂಗ್ ಮೇಷ್ಟ್ರು ಮುಚ್ಚಳಿಕೆಯ ಪುಟವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಮುದ್ರೆ ಯಾಕೆ ತಲೆಕೆಳಗೆ?"

"ಕೈ ನಡುಗ್ತಿತ್ತು."

"ಹೂಂ," ಅಂದರು ಪಾಂಗ್ ಮೇಷ್ಟ್ರು. "ಹಾಕಿ ಹಾಗಾದ್ರೆ."

ಒಂದು ತಿಂಗಳ ಮೇಲೆ ಅಚ್ಚಿನ ಕರಡು ಬಂತು. ಮೊದಲ ಪುಟ ತೆರೆದರೆ ಮುಚ್ಚಳಿಕೆಯ ಕೆಳಗೆ ಮುದ್ರೆ ನೆಟ್ಟಗೆ ನಿಂತಿದೆ. ಮೂರು ಗಂಟೆ ಬಸ್ಸಿನಲ್ಲಿ ಕೂತು ಪ್ರೆಸ್ಸಿಗೆ ಹೋದೆ. ಕಂಪ್ಯೂಟರಿನ ಮುಂದಿದ್ದವನು ಖುಷಿಯಿಂದ ಎದ್ದು ಬಂದ.

"ಸಾರ್, ಅದು ಉಲ್ಟಾ ಇತ್ತು. ಯಾರೂ ನೋಡಿರ್ಲಿಲ್ಲ ಅನ್ಸುತ್ತೆ, ನಾನೇ ತಿರುಗಿಸಿ ಸರಿ ಮಾಡ್ದೆ."

"ಪುಣ್ಯಾತ್ಮ, ಮತ್ತೆ ಉಲ್ಟಾ ಮಾಡು."

"ತಪ್ಪು ಕಾಣುತ್ತಲ್ಲ ಸಾರ್?"

"ಕಾಣಲಿ," ಎಂದು ಅವನ ಪಕ್ಕದ ಸ್ಟೂಲು ಎಳೆದುಕೊಂಡು ಕೂತೆ. ಅವನು ತಿರುಗಿಸಿ ಮುಗಿಸುವವರೆಗೂ ಏಳಲಿಲ್ಲ.